ರಸ್ತೆ ಆಯ್ತಲ್ಲ, ಮತ್ಯಾಕೆ ರೈಲು?

"ನಿಮ್ಮ ಕಡೆ ಹೈವೇ ಬಂತಲ್ಲ, ಇನ್ನೂ ಒಂದು ರಾತ್ರಿ ರೈಲು ಬೇಕು ಅಂತ ಯಾಕೆ ಗಲಾಟೆ?" ಅಂತ ಕೇಳಿದ್ದೀರಿ. ಬೆಂಗಳೂರಲ್ಲಿ ಇರುವವರಿಗೆ ಹಾಗನ್ನಿಸುವುದು ಸಹಜ. ನಾನು ಬೀದರಿನವನು. ಸ್ವಲ್ಪ ಉದ್ದವಾದರೂ ಬೇಸರ ಮಾಡ್ಕೋಬೇಡಿ.

ನಮ್ಮ ಊರಿಂದ ಬೆಂಗಳೂರಿಗೆ ಹತ್ತಿರತ್ತಿರ 700 ಕಿ.ಮೀ. ಹೈದರಾಬಾದಿಗೆ ಅದರ ಕಾಲುಭಾಗವೂ ಇಲ್ಲ. ಸಂತೆಗೆ, ಬಟ್ಟೆಗೆ, ಸಣ್ಣಪುಟ್ಟ ಕಾಯಿಲೆಗೆ ನಾವು ಹೈದರಾಬಾದಿಗೆ ಹೋಗಿ ಸಂಜೆ ವಾಪಸ್ ಬಂದುಬಿಡುತ್ತೇವೆ. ಆದರೆ ಸರ್ಕಾರಿ ಕೆಲಸ, ಕೌನ್ಸೆಲಿಂಗ್, ಇಂಟರ್‌ವ್ಯೂ, ವಿಧಾನಸೌಧದ ಫೈಲು, ಎಲ್ಲದಕ್ಕೂ ಬೆಂಗಳೂರೇ. ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಇರಬೇಕು ಅಂದರೆ ಹಿಂದಿನ ದಿನ ಸಂಜೆ ಹೊರಡಲೇಬೇಕು. 2024ರಲ್ಲಿ ಕಲಬುರಗಿಯಿಂದ ವಂದೇ ಭಾರತ್ ಬಂತು, ಒಳ್ಳೆಯದೇ. ಆದರೆ ಅದು ಹಗಲು ಓಡುವ ಗಾಡಿ. ನಸುಕಿನಲ್ಲಿ ಕಲಬುರಗಿಯಲ್ಲಿ ಹತ್ತಿದರೂ ಬೆಂಗಳೂರಲ್ಲಿ ಇಳಿಯುವಷ್ಟರಲ್ಲಿ ಆಫೀಸಿನವರ ಊಟದ ಹೊತ್ತು. ಬೀದರಿನವರು ಅದನ್ನು ಹಿಡಿಯಬೇಕು ಅಂದರೆ 110 ಕಿ.ಮೀ. ದೂರದ ಕಲಬುರಗಿಗೆ ಹಿಂದಿನ ರಾತ್ರಿಯೇ ಹೋಗಿ ಬಿದ್ದುಕೊಂಡಿರಬೇಕು. ಎರಡು ರಾತ್ರಿ ಲಾಡ್ಜು, ಒಂದು ದಿನದ ಕೆಲಸ.

ರಾತ್ರಿ ಬಸ್ಸು ಇವೆಯಲ್ಲ ಅನ್ನುತ್ತೀರಿ. ಇವೆ. ಹೋದ ವರ್ಷ ಅಪ್ಪನನ್ನು ಸ್ಲೀಪರ್ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಇರುವ ಯಶವಂತಪುರದ ರೈಲಿನಲ್ಲಿ ಸೀಟು ಸಿಕ್ಕಿರಲಿಲ್ಲ. ಅಪ್ಪನಿಗೆ ಶುಗರ್, ರಾತ್ರಿ ನಾಲ್ಕೈದು ಸಲ ಏಳಬೇಕು. ಬಸ್ಸಿನಲ್ಲಿ ಶೌಚಾಲಯ ಇಲ್ಲ. ಡ್ರೈವರಿಗೆ ಮತ್ತೆ ಮತ್ತೆ ನಿಲ್ಲಿಸಿ ಅನ್ನಲು ನಾಚಿಕೆ. ಹುಮನಾಬಾದ್ ದಾಟಿದ ಮೇಲೆ ಅವ್ವ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಮುಂದಿಟ್ಟೆ. "ಬ್ಯಾಡಪ, ಹಸಿವಿಲ್ಲ" ಅಂದರು. ಆಮೇಲೆ ಗೊತ್ತಾಯಿತು, ಮಧ್ಯಾಹ್ನದಿಂದಲೇ ನೀರು ಕುಡಿಯುವುದು ಬಿಟ್ಟಿದ್ದರು. ರೊಟ್ಟಿ ತಿಂದರೆ ಬಾಯಾರಿಕೆ ಆಗುತ್ತದೆ ಅಂತ ಅದನ್ನೂ ಮುಟ್ಟಲಿಲ್ಲ. ಹೊರಗೆ ರಸ್ತೆ ನುಣ್ಣಗೆ ಇತ್ತು, ಸುಳ್ಳು ಹೇಳಲ್ಲ. ಒಂದು ಕುಲುಕಾಟ ಇರಲಿಲ್ಲ.

ಹಾಗಂತ ರಸ್ತೆಗೆ ದುಡ್ಡು ಬೇಡ ಅಂತ ನಾನು ಹೇಳುತ್ತಿಲ್ಲ. ಔರಾದ್ ಕಡೆಯ ಹಳ್ಳಿಗಳಿಗೆ ಒಮ್ಮೆ ಮಳೆಗಾಲದಲ್ಲಿ ಬನ್ನಿ. ಆ ಕಡೆಯದು ಎರೆ ನೆಲ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ತೆಳ್ಳಗೆ ಡಾಂಬರು ಬಳಿದರೆ ಎರಡು ಮಳೆಗಾಲ ನಿಂತರೆ ಹೆಚ್ಚು. ಮೇಲಿಂದ ಕಬ್ಬಿನ ಟ್ರಾಕ್ಟರ್‌ಗಳು, ಒಂದೊಂದಕ್ಕೆ ಎರಡೆರಡು ಟ್ರಾಲಿ. ಆ ಹಳ್ಳಿ ರಸ್ತೆಯ ದುಡ್ಡಲ್ಲಿ ಒಂದು ರೂಪಾಯಿ ಕೂಡ ತೆಗೆಯಬೇಡಿ. ಹೆರಿಗೆ ನೋವು ಬಂದವಳಿಗೆ ರೈಲಿನಿಂದ ಏನೂ ಉಪಯೋಗ ಇಲ್ಲ, ಅಲ್ವಾ.

ನನ್ನ ತಕರಾರು ಬೇರೆ. ರೈಲ್ವೆ ಟಿಕೆಟ್ ಮೇಲೆ ಒಂದು ಸಾಲು ಅಚ್ಚು ಹಾಕುತ್ತಿದ್ದರು, ನೋಡಿದ್ದೀರಾ? ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57 ಮಾತ್ರ ನಮಗೆ ವಾಪಸ್ ಬರುತ್ತದೆ ಅಂತ. ಟಿಕೆಟ್ ತೆಗೆದುಕೊಂಡವನು ಸಾಲಗಾರ ಅನ್ನೋ ಹಾಗೆ. ನಮ್ಮ ಜಿಲ್ಲೆಯ ಯಾವ ರಸ್ತೆಯ ಕಲ್ಲಿನ ಮೇಲಾದರೂ "ಈ ಡಾಂಬರಿನ ದುಡ್ಡು ವಾಪಸ್ ಬರಲ್ಲ" ಅಂತ ಬರೆದದ್ದು ಇದೆಯಾ? ರೈಲಿಗೆ ಹಾಕಿದರೆ ನಷ್ಟ, ರಸ್ತೆಗೆ ಹಾಕಿದರೆ ಅಭಿವೃದ್ಧಿ. ಈ ಲೆಕ್ಕ ಯಾರು ಕಲಿಸಿದರೋ.

ರಾಜಕಾರಣಿಗಳ ಕಷ್ಟವೂ ಅರ್ಥವಾಗುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ದುಡ್ಡು ಬರುತ್ತಿದೆ. 2023ರ ಬಜೆಟ್ಟಿನಲ್ಲಿ 5,000 ಕೋಟಿ ಅಂತ ಘೋಷಿಸಿದರು. ಅದರಲ್ಲಿ ರಸ್ತೆ ಮಾಡಿದರೆ ಐದು ವರ್ಷದೊಳಗೆ ಗುದ್ದಲಿ ಪೂಜೆ, ಉದ್ಘಾಟನೆ, ಬೋರ್ಡು ಎಲ್ಲ ಮುಗಿಯುತ್ತದೆ. ರೈಲು ಹಾಗಲ್ಲ. ಬೀದರ್–ಕಲಬುರಗಿ ಮಾರ್ಗಕ್ಕೆ ಮೊದಲು ಒಪ್ಪಿಗೆ ಸಿಕ್ಕಾಗ ಅಂದಾಜು 370 ಕೋಟಿ ಇತ್ತು. 20 ವರ್ಷ ಎಳೆದು, ಅರ್ಧ ಖರ್ಚು ರಾಜ್ಯ ಕೊಡುತ್ತೇನೆ ಅಂದು, 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಗುವ ಹೊತ್ತಿಗೆ 1,500 ಕೋಟಿ ದಾಟಿತ್ತು. ಹುಡುಗನಾಗಿ ಸರ್ವೆ ಕಲ್ಲು ನೋಡಿದವನು ಮಗನನ್ನು ಎತ್ತಿಕೊಂಡು ರೈಲು ತೋರಿಸಿದ.

ಹಳಿ ಬಂದರೆ ಗಾಡಿ ತಾನಾಗಿ ಬರುತ್ತದೆ ಅಂದುಕೊಂಡಿದ್ದೆವು. ಅಲ್ಲೇ ನಾವು ಮೋಸ ಹೋದದ್ದು. ಬೀದರ್ ಸ್ಟೇಷನ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದ್ದು. ಕಲಬುರಗಿ ಮಧ್ಯ ರೈಲ್ವೆಯ ಸೋಲಾಪುರ ವಿಭಾಗದ್ದು. ಬೆಂಗಳೂರು ನೈಋತ್ಯ ರೈಲ್ವೆಯದು. ಒಂದು ರಾತ್ರಿ ಗಾಡಿ ಓಡಬೇಕು ಅಂದರೆ ಮೂರೂ ಮನೆಯವರು ಹೂಂ ಅನ್ನಬೇಕು. ಆಮೇಲೆ ಬೋಗಿ ಬೇಕು, ತೊಳೆದು ತಪಾಸಣೆ ಮಾಡುವ ಪಿಟ್ ಲೈನ್ ಬೇಕು, ಬೆಂಗಳೂರಲ್ಲಿ ಬೆಳಗಿನ ಹೊತ್ತು ಖಾಲಿ ಪ್ಲಾಟ್‌ಫಾರ್ಮ್ ಬೇಕು. ಈ ಕೊನೆಯದಂತೂ ಚಿನ್ನ ಇದ್ದ ಹಾಗೆ. ಕೇಂದ್ರ ಈಗ ರೈಲ್ವೆಗೂ ಹೆಚ್ಚುಕಡಿಮೆ ಹೆದ್ದಾರಿಯಷ್ಟೇ ಬಂಡವಾಳ ಕೊಡುತ್ತಿದೆ, ವರ್ಷಕ್ಕೆ ಎರಡೂವರೆ ಲಕ್ಷ ಕೋಟಿಯ ಆಸುಪಾಸು. ಆದರೆ ಜೋಡಿ ಹಳಿ, ವಿದ್ಯುದೀಕರಣ ಅಂದರೆ ಸುದ್ದಿ. ಪಿಟ್ ಲೈನ್ ಅಂದರೆ ಯಾರೂ ರಿಬ್ಬನ್ ಕತ್ತರಿಸಲು ಬರಲ್ಲ. ನನ್ನ ಕೈಗೆ ಅಧಿಕಾರ ಕೊಟ್ಟರೆ ಒಂದೇ ಒಂದು ಚೆನ್ನಾಗಿರುವ ರಸ್ತೆಯ ಮರುಡಾಂಬರೀಕರಣ ನಿಲ್ಲಿಸಿ ಆ ದುಡ್ಡನ್ನು ಇದಕ್ಕೆ ಹಾಕುತ್ತಿದ್ದೆ. ರಾಜ್ಯ ಹಳಿಗೆ ಅರ್ಧ ಕೊಡಬಹುದಾದರೆ ಇದಕ್ಕೂ ಕೊಡಬಹುದು.

ಗಾಡಿ ಕಡಿಮೆ ಇದ್ದರೆ ಜಗಳ ಜಾಸ್ತಿ. 2017ರಲ್ಲಿ ಮುಂಬೈ–ಲಾತೂರ್ ಗಾಡಿಯನ್ನು ವಾರದಲ್ಲಿ ಕೆಲವು ದಿನ ಬೀದರಿಗೆ ವಿಸ್ತರಿಸಿದರು. ನಮಗೆ ಖುಷಿಯೋ ಖುಷಿ. ಲಾತೂರಿನವರು ಬೀದಿಗಿಳಿದರು, ನಮ್ಮ ಸೀಟು ಕಿತ್ತುಕೊಂಡರು ಅಂತ. ಆಮೇಲೆ ಯಶವಂತಪುರ–ಬೀದರ್ ಗಾಡಿ ಲಾತೂರಿಗೆ ಮುಂದುವರಿದಾಗ ಅದೇ ಮಾತು ನಮ್ಮ ಬಾಯಲ್ಲಿ ಬಂತು! ಲಾತೂರಿನಲ್ಲಿ ನಮ್ಮ ಅತ್ತೆಯ ಮನೆ ಇದೆ. ಹಬ್ಬಕ್ಕೆ ಹೋದಾಗ ಈ ವಿಷಯ ತೆಗೆಯುವ ಹಾಗಿಲ್ಲ.

ನೀವು ಬರುವುದಾದರೆ ಆ ಯಶವಂತಪುರದ ಗಾಡಿಗೇ ಬನ್ನಿ. ಕರ್ನಾಟಕದ ಒಂದು ಊರಿಂದ ಇನ್ನೊಂದು ಊರಿಗೆ ಹೊರಟವರು ಆಂಧ್ರ ದಾಟಿ, ರಾಯಚೂರಿನಲ್ಲಿ ಕರ್ನಾಟಕಕ್ಕೆ ಬಂದು, ತೆಲಂಗಾಣ ಹೊಕ್ಕು, ಮತ್ತೆ ಕರ್ನಾಟಕಕ್ಕೆ ಬರುತ್ತೀರಿ. ವಿಕಾರಾಬಾದಿನ ತೆಲುಗು ಬೋರ್ಡು ಕಂಡು ಊರು ತಪ್ಪಿತೇನೋ ಅಂತ ಗಾಬರಿಯಾಗಬೇಡಿ. ಜಹೀರಾಬಾದ್ ಆದ ಮೇಲೆ ಕೆಂಪು ನೆಲ ಶುರುವಾಗುತ್ತದೆ, ಆಗ ಚಪ್ಪಲಿ ಹುಡುಕಿಕೊಳ್ಳಿ. ಟಿಕೆಟ್ ಮಾತ್ರ ಮೊದಲೇ ಮಾಡಿಸಿ. ತತ್ಕಾಲ್ ನಂಬಿ ಕೂತರೆ ನೀವೂ ಬಸ್ಸಿಗೇ.