ಹಳೆಯ ಕೌಬಾಯ್ ಚಿತ್ರಗಳ ಸಂಗೀತ ಕೇಳಿದೊಡನೆ ವಿಶಾಲ ಬಯಲು ಕಣ್ಮುಂದೆ ಬರುವುದೇಕೆ?

ಮುಖ್ಯ ಕಾರಣ ಸ್ವರಗಳ ನಡುವಿನ ಅಂತರ. ಅಮೆರಿಕದ ಸಂಗೀತ ಸಂಯೋಜಕ ಆರನ್ ಕೋಪ್ಲಂಡ್ ತಮ್ಮ ‘ಬಿಲ್ಲಿ ದ ಕಿಡ್’ (1938), ‘ರೋಡಿಯೊ’ (1942) ಬ್ಯಾಲೆಗಳಲ್ಲಿ ಷಡ್ಜ-ಪಂಚಮ, ಷಡ್ಜ-ಮಧ್ಯಮದಂಥ ಅಗಲವಾದ ಸ್ವರಜೋಡಿಗಳನ್ನು ಧಾರಾಳವಾಗಿ ಬಳಸಿದರು. ನಡುವೆ ಗಾಂಧಾರ ಸೇರಿಸದಿದ್ದರೆ ನಾದ ತಂಬೂರಿಯ ಶ್ರುತಿಯಂತೆ ತೆರೆದುಕೊಳ್ಳುತ್ತದೆ. ಸಂತೋಷ, ದುಃಖ ಯಾವುದಕ್ಕೂ ಅಂಟದೆ ಬರೀ ವಿಸ್ತಾರ ಕೇಳಿಸುತ್ತದೆ. ಇದರ ಜೊತೆಗೆ ದನಗಾಹಿಗಳ ಜಾನಪದ ಧಾಟಿಗಳನ್ನೂ ಅವರು ತಂದರು. ಹಾಲಿವುಡ್ ಈ ದಾರಿಯನ್ನೇ ಹಿಡಿಯಿತು.

ನನ್ನ ಪ್ರಕಾರ ಇದರ ಶಿಖರ ‘ದ ಬಿಗ್ ಕಂಟ್ರಿ’ (1958) ಚಿತ್ರಕ್ಕೆ ಜೆರೋಮ್ ಮೊರಾಸ್ ಕೊಟ್ಟ ಸಂಗೀತ. ಶುರುವಿನಲ್ಲೇ ಪಿಟೀಲುಗಳು ಬಿರುಸಾಗಿ ಗಿರಗಿರನೆ ಸುತ್ತುತ್ತವೆ, ಆಮೇಲೆ ಉದ್ದನೆಯ ಧಾಟಿಯೊಂದು ಅವಸರವಿಲ್ಲದೆ ಹರಡುತ್ತದೆ. ಕುದುರೆಯ ಓಟ, ದೂರದ ದಿಗಂತ ಎರಡೂ ಒಟ್ಟಿಗೇ ಸಿಗುತ್ತವೆ. ಮೊದಲ ಎರಡು ನಿಮಿಷವನ್ನಾದರೂ ದಯವಿಟ್ಟು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ.

ಎಲ್ಮರ್ ಬರ್ನ್‌ಸ್ಟೀನ್ ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ (1960) ಚಿತ್ರದಲ್ಲಿ ಲಯಕ್ಕೆ ಹೆಚ್ಚು ಒತ್ತು ಕೊಟ್ಟರು; ತಾಳ ತಪ್ಪಿಸಿ ಬೀಳುವ ಆ ಪೆಟ್ಟುಗಳೇ ಅದರ ಜೀವ.

ಇನ್ನು ‘ಹೈ ನೂನ್’ (1952) ಬೇರೆ ಜಾತಿಯದು. ಅಲ್ಲಿ ಒಂದೇ ಹಾಡು ಚಿತ್ರದುದ್ದಕ್ಕೂ ಮರಳಿ ಬರುತ್ತದೆ. ಈ ಚಿತ್ರದ ಸಂಗೀತಕ್ಕೂ ಹಾಡಿಗೂ ಸೇರಿ ಎರಡು ಆಸ್ಕರ್ ಪಡೆದ ಸಂಯೋಜಕ ಡಿಮಿಟ್ರಿ ಟಿಯೊಮ್ಕಿನ್ ಹುಟ್ಟಿದ್ದು ಉಕ್ರೇನಿನಲ್ಲಿ, ಸಂಗೀತ ಕಲಿತದ್ದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ.