ಮೆರವಣಿಗೆಯ ಬಿಲ್ಲು ಯಾರ ಹೆಸರಿಗೆ?

ಪ್ರಿಯರೇ,

ನಿಮ್ಮ ಲೇಖನ ‘ಬರಗಾಲದಲ್ಲಿ ಬಂಗಾರದ ಪಲ್ಲಕ್ಕಿ’ ಕೈಸೇರಿತು. ಭಾಷೆ ಹದವಾಗಿದೆ, ಕಾಗುಣಿತ ತಪ್ಪಿಲ್ಲ. ಜನರ ಒಲೆ ಆರಿರುವಾಗ ಅರಸುಮನೆತನದವರು ಸಿರಿ ಮೆರೆಸಬಾರದು ಎಂಬ ನಿಮ್ಮ ಸಿಟ್ಟೂ ನಿಜವಾದದ್ದೇ. ಹೊಗಳಿಕೆ ಇಷ್ಟಕ್ಕೆ ಸಾಕು. ಶಿರಸಿಯ ಈ ಮಳೆಯಲ್ಲಿ ಎರಡು ದಿನ ನಿಮ್ಮ ಎರಡನೆಯ ಮತ್ತು ಐದನೆಯ ಪ್ಯಾರಾಗಳ ಜೊತೆಗೇ ಗುದ್ದಾಡಿದ್ದೇನೆ. ಉಳಿದ ಪ್ಯಾರಾಗಳ ಮಾತು ಈ ಪತ್ರದಲ್ಲಿ ಬರುವುದಿಲ್ಲ.

ಎರಡನೆಯ ಪ್ಯಾರಾದ ಮೊದಲ ಸಾಲು: “1877ರ ಹೊಸವರ್ಷದಂದು ವಿಕ್ಟೋರಿಯಾ ರಾಣಿ ದಿಲ್ಲಿಯ ಸಿಂಹಾಸನವೇರಿ ಮೆರೆಯುತ್ತಿದ್ದಾಗ ಕನ್ನಡನಾಡು ಹಸಿವಿನಿಂದ ನರಳುತ್ತಿತ್ತು.” ವಿಕ್ಟೋರಿಯಾ ಭಾರತದ ನೆಲ ಮೆಟ್ಟಿದವಳೇ ಅಲ್ಲ. ಅವಳನ್ನು ಚಕ್ರವರ್ತಿನಿ ಎಂದು ಸಾರಲು ಜನವರಿ 1ರಂದು ದರ್ಬಾರು ನಡೆಸಿದವನು ವೈಸರಾಯ್ ಲಿಟ್ಟನ್. ದಿಲ್ಲಿ ದರ್ಬಾರಿಗೆ ಖುದ್ದಾಗಿ ಬಂದ ಬ್ರಿಟಿಷ್ ದೊರೆ ಐದನೆಯ ಜಾರ್ಜ್ ಒಬ್ಬನೇ, ಅದೂ 1911ರಲ್ಲಿ.

ಎರಡನೆಯ ಸಾಲು: “ಮೈಸೂರಿನ ಮಹಾರಾಜರು ಪ್ರಜೆಗಳನ್ನು ಮರೆತು ವೈಭವದಿಂದ ದಿಲ್ಲಿಗೆ ಹೊರಟರು.” ಚಾಮರಾಜೇಂದ್ರ ಒಡೆಯರು ಹುಟ್ಟಿದ್ದು 1863ರ ಫೆಬ್ರವರಿಯಲ್ಲಿ. ಲೆಕ್ಕ ಹಾಕಿ, ಹದಿಮೂರರ ಹುಡುಗ. ರಾಜ್ಯವು 1831ರಿಂದ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು, ಮನೆತನಕ್ಕೆ ಮರಳಿದ್ದು 1881ರಲ್ಲಿ. ಬೊಕ್ಕಸದ ಬೀಗದ ಕೈಯೇ ಇಲ್ಲದ ಹುಡುಗನನ್ನು ದುಂದುಗಾರ ಎಂದು ಕರೆದಿದ್ದೀರಿ.

ಮೂರನೆಯದು ನನಗೆ ನೆತ್ತಿಗೇರಿದ ಸಾಲು: “ನಮ್ಮ ಕಾರವಾರವೂ ಸೇರಿ ಇಡೀ ಮೈಸೂರು ಸೀಮೆ…” ಅಂಕೋಲೆಯವರು ನೀವು, ಮಾರಾಯರೇ! ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1956ರವರೆಗೆ ಮುಂಬಯಿಗೇ ಸೇರಿತ್ತು. 1883ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರಿನ 15ನೆಯ ಸಂಪುಟ ಪೂರ್ತಿ ನಮ್ಮ ಜಿಲ್ಲೆಯದೇ, ಎರಡು ಭಾಗಗಳಲ್ಲಿದೆ. ಬರದ ವರ್ಷಗಳ ಬಗ್ಗೆ ಬರೆಯಹೊರಟವರು ಅದನ್ನು ಒಮ್ಮೆಯಾದರೂ ತೆರೆದು ನೋಡಬೇಡವೇ?

ಹೀಗೆ ಮೂರು ಸಾಲಿನಲ್ಲಿ ಮೂರು ಕಡೆ ಎಡವಿದ್ದರಿಂದ ಅಸಲು ಆರೋಪವೇ ನಿಮ್ಮ ಕೈತಪ್ಪಿದೆ. ದರ್ಬಾರಿನ ಊಟಕ್ಕಿಂತ ಕೆಟ್ಟದ್ದು ಅದೇ ತಿಂಗಳು ನಡೆಯಿತು. ಬರ ಹಬ್ಬುತ್ತಿದ್ದಾಗ ಮದ್ರಾಸಿನ ಗವರ್ನರು ತನ್ನ ಪ್ರಾಂತ್ಯ ಬಿಟ್ಟು ದಿಲ್ಲಿಯ ಶಾಮಿಯಾನದಲ್ಲಿ ಕೂರಬೇಕಾಯಿತು. ಲಿಟ್ಟನ್ ಸರಕಾರ ಧಾನ್ಯದ ವ್ಯಾಪಾರಕ್ಕೆ ಕೈ ಹಾಕುವುದಿಲ್ಲ ಎಂದು ಕೂತಿತು. ಬರ ಪರಿಹಾರದ ಖರ್ಚು ಬಿಗಿ ಮಾಡಲು ಕಳಿಸಿದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ಕಲ್ಲು ಮಣ್ಣು ಹೊರುವ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಮೇಲೊಂದಿಷ್ಟು ಚಿಲ್ಲರೆಗೆ ಇಳಿಸಿದ. ಒಂದು ಪೌಂಡ್ ಅಂದರೆ ನಮ್ಮ ಸುಮಾರು 450 ಗ್ರಾಂ. ಅಷ್ಟರಲ್ಲಿ ದುಡಿಯುವವನ ಮೈ ನಿಲ್ಲದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಆಗಲೇ ಪ್ರತಿಭಟಿಸಿದ್ದ. ಮೈಸೂರಿನ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷದ ಮೇಲಿದ್ದದ್ದು 1881ಕ್ಕೆ 42 ಲಕ್ಷದ ಹತ್ತಿರ ಇಳಿಯಿತು. ಮೆರವಣಿಗೆಗೆ ಕೈ ಬಿಚ್ಚಿದ ಸರಕಾರವೇ ಅಂಬಲಿಗೆ ಕೈ ಬಿಗಿ ಹಿಡಿಯಿತು. ಈ ಸಂಗತಿಯನ್ನು ಇಟ್ಟಿದ್ದರೆ ‘ನರಳುತ್ತಿತ್ತು’ ಎಂಬ ಪದವೇ ಬೇಕಾಗುತ್ತಿರಲಿಲ್ಲ.

ನಾನು ಈ ಕೆಲಸ ಕಲಿತದ್ದು ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ. ಗ್ಯಾಲಿ ಪ್ರೂಫಿನಲ್ಲಿ, ಅಂದರೆ ತಿದ್ದಲು ತೆಗೆದ ಕರಡು ಅಚ್ಚಿನಲ್ಲಿ, ಅಂಕಿ ಕಂಡಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ಮೂರು ಪ್ರಶ್ನೆ ಬರೆಯಬೇಕಿತ್ತು: ಯಾರ ದುಡ್ಡು, ಯಾವ ವರ್ಷದ್ದು, ಎಷ್ಟು ಜನಕ್ಕೆ? ಮೂರಕ್ಕೂ ಉತ್ತರ ಬರುವವರೆಗೆ ಜೋಡಿಸಿದ ಪುಟಗಳ ಫಾರಂ ಅಚ್ಚಿನ ಮಿಷನ್ನಿಗೆ ಏರುತ್ತಿರಲಿಲ್ಲ. ಆ ಚಟ ಇನ್ನೂ ಹೋಗಿಲ್ಲ. ನಿಮ್ಮ ಐದನೆಯ ಪ್ಯಾರಾ ಈಗ ಸುತ್ತುಗಳಿಂದ ಕೆಂಪಾಗಿದೆ.

ಬ್ರಿಟನ್ನಿನ ಚಾರ್ಲ್ಸನ ಪಟ್ಟಾಭಿಷೇಕದ ಬಗ್ಗೆ ಅಲ್ಲಿ ನೀವು ಬರೆದದ್ದು: “2023ರ ಮೇ ತಿಂಗಳಲ್ಲಿ ಚಾರ್ಲ್ಸ್ ದೊರೆ 72 ಮಿಲಿಯನ್ ಪೌಂಡ್, ಅಂದರೆ 72 ಕೋಟಿ ರೂಪಾಯಿ ಸುರಿದು, ಹೊಸ ಚಿನ್ನದ ರಥದಲ್ಲಿ ಮೆರೆದ. ಆ ಹಣದಲ್ಲಿ ಅಲ್ಲಿಯ ಬಡವರ ಹಸಿವೇ ನೀಗುತ್ತಿತ್ತು.” ಮಿಲಿಯನ್ ಎಂದರೆ ಹತ್ತು ಲಕ್ಷ. 72 ಮಿಲಿಯನ್ ಎಂದರೆ 7.2 ಕೋಟಿ ಪೌಂಡ್. ಪೌಂಡಿಗೆ ನೂರೇ ರೂಪಾಯಿ ಹಿಡಿದರೂ 720 ಕೋಟಿ. ನಿಮ್ಮ ವಾದಕ್ಕೆ ಬಲ ಕೊಡುವ ಅಂಕಿಯನ್ನು ನೀವೇ ಹತ್ತರಲ್ಲೊಂದು ಪಾಲು ಮಾಡಿದ್ದೀರಿ.

ರಥ ಹೊಸದಲ್ಲ, 1762ರದು. ಮರದ ಮೈಗೆ ಚಿನ್ನದ ಲೇಪ, ನಾಲ್ಕು ಟನ್ ತೂಕ, ಎಂಟು ಕುದುರೆ ಕಟ್ಟಿದರೂ ಹೆಜ್ಜೆನಡಿಗೆಯಲ್ಲೇ ಸಾಗುತ್ತದೆ. ಹಳೆಯ ಆಸ್ತಿಯನ್ನು ಹೊರಗೆ ತರುವುದು ಬೇರೆ, ಈ ವರ್ಷ ಹೊಸದಾಗಿ ಖರ್ಚು ಮಾಡುವುದು ಬೇರೆ. ಎರಡನ್ನೂ ಒಂದೇ ಕಲಮಿಗೆ ಸೇರಿಸಬೇಡಿ. (ಏಳನೆಯ ಪ್ಯಾರಾದ “750 ಕಿಲೋ ಅಪ್ಪಟ ಚಿನ್ನದ ಅಂಬಾರಿ”ಗೂ ಇದೇ ಮಾತು. ಅದು ಚಿನ್ನದ ತಗಡು ಹೊದಿಸಿದ ಮರ, ಈಗ ಅದರಲ್ಲಿ ಕೂರುವವಳು ಚಾಮುಂಡೇಶ್ವರಿ, ಮೆರವಣಿಗೆಯ ಖರ್ಚು ಸರಕಾರದ್ದು. ಉಳಿದ ಪ್ಯಾರಾ ಮುಟ್ಟುವುದಿಲ್ಲ ಎಂದಿದ್ದೆ, ತಡೆಯಲಾಗಲಿಲ್ಲ.)

ಇನ್ನು ಹಸಿವು ನೀಗುವ ಮಾತು. ಬ್ರಿಟನ್ನಿನ ಜನಸಂಖ್ಯೆ ಸುಮಾರು 6.8 ಕೋಟಿ. ಭಾಗಿಸಿದರೆ ತಲೆಗೆ ಒಂದು ಪೌಂಡು, ಮೇಲೆ ಆರು ಪೆನ್ಸ್. ಬಡವರಿಗಷ್ಟೇ ಹಂಚಿದರೂ ಒಂದೆರಡು ದಿನದ ದಿನಸಿ ಬಂದೀತು, ಹಸಿವು ನೀಗದು. ಅರಮನೆಯ ಪರ ಮಾತಾಡುವವನು ಮೊದಲು ಹಿಡಿಯುವುದು ಇದೇ ಸಾಲನ್ನು. ಅತಿಥಿಗಳನ್ನು 1953ರ ಎಲಿಜಬೆತ್ ಪಟ್ಟಾಭಿಷೇಕದ ಎಂಟು ಸಾವಿರದಿಂದ ಎರಡು ಸಾವಿರ ಚಿಲ್ಲರೆಗೆ ಇಳಿಸಿದ್ದನ್ನೂ ಅವನು ಎತ್ತುತ್ತಾನೆ. ನೀವು ಬಿಗಿಯಾಗಿ ಹಿಡಿಯಬೇಕಾದದ್ದು ಬೇರೆ ಎಳೆ. 2023ರ ಮಾರ್ಚಿನಲ್ಲಿ ಅಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇಕಡಾ 19ರಷ್ಟು ಏರಿತ್ತು. ಅಂಥ ಹೊತ್ತಿನಲ್ಲಿ ಬಿಲ್ಲು ಬಂದದ್ದು ಅರಮನೆಗಲ್ಲ, ಸರಕಾರಕ್ಕೆ: 5.03 ಕೋಟಿ ಪೌಂಡ್ ಸಂಸ್ಕೃತಿ ಇಲಾಖೆಯದು, 2.17 ಕೋಟಿ ಬಂದೋಬಸ್ತಿಗೆಂದು ಗೃಹ ಇಲಾಖೆಯದು. ಬಂದೋಬಸ್ತು ಬಿಟ್ಟರೆ ರಾಜಮನೆತನದ ಮದುವೆಯ ಖರ್ಚನ್ನು ಮನೆತನವೇ ನೋಡಿಕೊಳ್ಳುತ್ತದೆ, ಪಟ್ಟಾಭಿಷೇಕ ಮಾತ್ರ ಸರಕಾರಿ ಸಮಾರಂಭ. ಸ್ವಂತ ಆಸ್ತಿ ಅಷ್ಟಿರುವ ಮನೆಯ ಸಮಾರಂಭಕ್ಕೆ ತೆರಿಗೆಯ ದುಡ್ಡು ಏಕೆ ಎಂದು ಕೇಳಿ. ಆ ಪ್ರಶ್ನೆಗೆ ತಲೆಗೊಂದು ಪೌಂಡಿನ ಲೆಕ್ಕ ಉತ್ತರವಾಗುವುದಿಲ್ಲ.

ನಿಮ್ಮ ವಾದಕ್ಕೆ ಎದುರಾಗುವ ಒಂದು ಸಂಗತಿಯನ್ನೂ ಸೇರಿಸಿ. 1947ರ ನವೆಂಬರಿನಲ್ಲಿ ಎಲಿಜಬೆತ್ ಮದುವೆಯಾದಾಗ ಅಲ್ಲಿ ಬಟ್ಟೆಗೂ ರೇಷನ್. ಹತ್ತು ಸಾವಿರ ಮುತ್ತಿನ ಆ ಉಡುಪಿಗೆ ಜನ ತಮ್ಮ ಕೂಪನ್‌ಗಳನ್ನೇ ಅಂಚೆಯಲ್ಲಿ ಕಳಿಸಿದರು. ಒಬ್ಬರ ಕೂಪನ್ ಇನ್ನೊಬ್ಬರು ಬಳಸುವುದು ಕಾನೂನುಬಾಹಿರವಾದ್ದರಿಂದ ಎಲ್ಲವನ್ನೂ ತಿರುಗಿ ಕಳಿಸಬೇಕಾಯಿತು. ಕೊರತೆಯಲ್ಲಿದ್ದವರೇ ಮೆರವಣಿಗೆ ಬಯಸಿದರು. ಕೊಳೆರೋಗಕ್ಕೆ ಅಡಿಕೆ ಉದುರಿದ ವರ್ಷ ಮಾರಿಕಾಂಬೆಯ ಜಾತ್ರೆ ಬೇಡ ಎಂದು ಶಿರಸಿಯಲ್ಲಿ ಹೇಳಿ ನೋಡಿ, ಗೊತ್ತಾಗುತ್ತದೆ.

ಹಸ್ತಪ್ರತಿ ಹಿಂದೆ ಕಳಿಸಿದ್ದೇನೆ. ಎರಡನೆಯ ಮತ್ತು ಐದನೆಯ ಪ್ಯಾರಾಗಳನ್ನು ಹೊಸದಾಗಿ ಬರೆದು, ಪ್ರತಿ ಅಂಕಿಯ ಎದುರು ಅಂಚಿನಲ್ಲಿ ಅದು ಎಲ್ಲಿ ಸಿಕ್ಕಿತೆಂದು ಪೆನ್ಸಿಲಿನಲ್ಲಿ ಗುರುತಿಸಿ ಕಳಿಸಿ. ಕೊನೆಯ ನಾಲ್ಕು ಸಾಲಿನ ಪದ್ಯವನ್ನು ನಾನೇ ಹೊಡೆದು ಹಾಕಿದ್ದೇನೆ.