ಚೀನಾದಾಗ ಮಾಸ್ತರಿಕಿ ಮಾಡಾಕ ಹೋಗ್ಲೇನ್ರಿ?

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ್ರಿ. ನಂದು ಎಂ.ಎಸ್ಸಿ ಮ್ಯಾಥ್ಸ್, ಬಿ.ಎಡ್ ಆಗೇತಿ, ವಯಸ್ಸು 31, ಸಪ್ತಾಪುರದಾಗ ಒಂದು ಕೋಚಿಂಗ್ ಸೆಂಟರ್‌ನಾಗ ಆರು ವರ್ಷದಿಂದ ಪಿಯುಸಿ ಹುಡುಗರಿಗೆ ಹೇಳ್ತೀನಿ. ಬೆಂಗಳೂರಿನ ಏಜೆಂಟ್ ಒಬ್ರು ಚೀನಾದ ನರ್ಸರಿ ಸ್ಕೂಲಿನಾಗ ಇಂಗ್ಲಿಷ್ ಟೀಚರ್ ಕೆಲಸ ಐತಿ, ಸದ್ಯ ಬಿಸಿನೆಸ್ ವೀಸಾದ ಮ್ಯಾಲೆ ಹೋಗ್ರಿ, ಮುಟ್ಟಿದ ಮ್ಯಾಲೆ ಸ್ಕೂಲಿನವ್ರ ವರ್ಕ್ ವೀಸಾ ಮಾಡಿಸ್ತಾರ ಅಂತಾರ. ಎರಡು ಲಕ್ಷ ಕೇಳ್ಯಾರ, ಅರ್ಧ ಈಗ ಕೊಡಬೇಕಂತ. ಅಪ್ಪ ಹೊಲದ ಮ್ಯಾಲೆ ಸಾಲ ತಗೀತೀನಿ ಅಂತಾನ. ಹೋಗ್ಲೋ ಬ್ಯಾಡೋ?
— ಒಬ್ಬ ಓದುಗ, ಧಾರವಾಡ

ಉತ್ತರ: ತಮ್ಮಾರ, ಇವತ್ತ ಅಪ್ಪಗ ಫೋನ್ ಮಾಡಿ ಹೊಲದ ಉತಾರ ಬ್ಯಾಂಕಿಗೆ ಒಯ್ಯಬ್ಯಾಡ ಅನ್ರಿ. ಆಮೇಲೆ ಉಳಿದದ್ದು ಮಾತಾಡೂಣು.

ಚೀನಾಕ್ಕ ಹೋಗೂದು ತಪ್ಪಲ್ಲ, ನಾನೂ ನಾಲ್ಕು ವರ್ಷ ಅಲ್ಲಿ ಮ್ಯಾಥ್ಸ್ ಹೇಳಿ ಬಂದಾಕಿ. ಆದ್ರ ಬಿಸಿನೆಸ್ ವೀಸಾ ಅನ್ನೂದು ವ್ಯಾಪಾರದ ಮಾತುಕತಿಗೆ ಹೋಗವ್ರಿಗೆ, ಪಗಾರ ತಗೊಂಡು ಪಾಠ ಮಾಡವ್ರಿಗೆ ಬೇಕಾಗೂದು ಝಡ್ ವೀಸಾ. ಅದರ ಕ್ರಮ ಹೆಂಗಂದ್ರ ಮೊದಲು ಸ್ಕೂಲು ಅಲ್ಲಿನ ಸರ್ಕಾರದಿಂದ ನಿಮ್ಮ ಹೆಸರಲೇ ವರ್ಕ್ ಪರ್ಮಿಟ್ ನೋಟಿಫಿಕೇಶನ್ ಲೆಟರ್ ತಗಸಬೇಕು, ಅದನ್ನ ತೋರಿಸಿ ನೀವು ಇಲ್ಲೇ ವೀಸಾ ತಗೋಬೇಕು, ಹೋದ ಮ್ಯಾಲೆ 30 ದಿನದೊಳಗ ಅಲ್ಲಿ ವಾಸ ಇರೋ ಪರವಾನಗಿ, ಅಂದ್ರ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಲೆಟರ್ ಇನ್ನೂ ಬಂದಿಲ್ಲ, ವಿಮಾನ ಹತ್ರಿ ಅಂತ ಯಾರರೆ ಅಂದ್ರ ಅಲ್ಲೇ ನಿಂದರ್ರಿ. ಪರ್ಮಿಟ್ ಇಲ್ದ ಕೆಲಸ ಮಾಡಿ ಸಿಕ್ಕಬಿದ್ರ 5,000ದಿಂದ 20,000 ಯುವಾನ್ ದಂಡ, ಪ್ರಕರಣ ದೊಡ್ಡದಾದ್ರ 5ರಿಂದ 15 ದಿನ ಒಳಗ ಕೂಡಸ್ತಾರ, ಆಮೇಲೆ ಊರಿಗೆ ಕಳಿಸ್ತಾರ. ಕಾನೂನಿನಾಗ ಇದ್ದದ್ದ ಹೇಳಾಕತ್ತೀನಿ. ಆ ಹೊತ್ತಿನಾಗ ಏಜೆಂಟ್ ಫೋನ್ ಎತ್ತೂದಿಲ್ಲ.

ಎರಡನೇದು ಇಂಗ್ಲಿಷ್ ಟೀಚರ್ ಅನ್ನೋ ಮಾತು. ಭಾಷಾ ಕಲಿಸೋ ಪರದೇಶದವ್ರು ತಮ್ಮ ಮಾತೃಭಾಷಾನ ಕಲಿಸ್ಬೇಕು ಅನ್ನೂದು ಅಲ್ಲಿನ ನಿಯಮ, ಹಂಗಾಗಿ ಇಂಗ್ಲಿಷ್ ಕೆಲಸಕ್ಕ ಅಮೆರಿಕ, ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾದಂಥ ದೇಶದ ಪಾಸ್‌ಪೋರ್ಟ್ ನೋಡ್ತಾರ, ನೀವು ಎಷ್ಟ ಚಂದ ಇಂಗ್ಲಿಷ್ ಮಾತಾಡಿದ್ರೂ ನಮ್ಮ ಪಾಸ್‌ಪೋರ್ಟ್ ಮ್ಯಾಲೆ ಆ ಪರ್ಮಿಟ್ ಸಿಗೂದು ಕಷ್ಟ. ಅದಕ್ಕ ಏಜೆಂಟರು ಕಾಗದದಾಗ ಬ್ಯಾರೆ ಹುದ್ದೆ ಬರದು ಕ್ಲಾಸಿನಾಗ ಇಂಗ್ಲಿಷ್ ಹೇಳಸ್ತಾರ, ಅದೂ ಕಾನೂನು ತಪ್ಪಿದ್ದ. ಅಲ್ರಿ, ನಿಮ್ಮ ಕೈಯಾಗ ಮ್ಯಾಥ್ಸ್ ಐತಿ! ಇಂಗ್ಲಿಷ್‌ನಾಗ ಮ್ಯಾಥ್ಸ್, ಫಿಸಿಕ್ಸ್ ಹೇಳೋ ಇಂಟರ್‌ನ್ಯಾಶನಲ್ ಸ್ಕೂಲು ಅಲ್ಲಿ ಭಾಳ ಅದಾವ, ಕೇಂಬ್ರಿಡ್ಜ್ ಎ ಲೆವೆಲ್ (ಇಂಗ್ಲೆಂಡಿನ ಪಿಯುಸಿ ಇದ್ದಂಗ), ಐಬಿ (ಇಂಟರ್‌ನ್ಯಾಶನಲ್ ಬ್ಯಾಕಲೋರಿಯೇಟ್) ಸಿಲಬಸ್ಸಿನವು. ವಿಷಯ ಕಲಿಸವ್ರಿಗೆ ಡಿಗ್ರಿ ಮತ್ತ ಡಿಗ್ರಿ ಆದ ಮ್ಯಾಲೆ ಕನಿಷ್ಠ ಎರಡು ವರ್ಷದ ಅದ ಕೆಲಸದ ಅನುಭವ ಕೇಳ್ತಾರ, ನಿಮಗ ಆರು ವರ್ಷ ಐತಿ. ನರ್ಸರಿ ಮರತು ಈ ದಾರಿ ಹಿಡೀರಿ. ಒಂದು ವರ್ಷ ಕುಂತು ಎ ಲೆವೆಲ್ ಪೇಪರ್ ಬಿಡಿಸ್ರಿ, ನಮ್ಮ ಪಿಯುಸಿ ಲೆಕ್ಕ ಮಾಡಿದವ್ರಿಗೆ ಅದು ಪರಕೀಯ ಅನಸೂದಿಲ್ಲ, ಸ್ಟೆಪ್ ಬರಿಯೋ ರೀತಿ ಅಷ್ಟ ಬ್ಯಾರೆ.

ಕಾಗದದ ಕೆಲಸ ಈಗಿಂದನ ಹಚಗೋರಿ. ನಮ್ಮ ಕಡೆ ಹುಡುಗರು ಎಲ್ಲಿ ಸಿಕ್ಕೊಳ್ತಾರಂದ್ರ ಹೆಸರಿನಾಗ, ಮಾರ್ಕ್ಸ್ ಕಾರ್ಡಿನಾಗ ಎರಡು ಇನಿಶಿಯಲ್ ಇರ್ತಾವ, ಪಾಸ್‌ಪೋರ್ಟ್‌ನಾಗ ಅಪ್ಪನ ಹೆಸರು, ಅಡ್ಡಹೆಸರು ಎಲ್ಲಾ ಬಿಡಿಸಿ ಬರದಿರ್ತಾರ, ಚೀನಾದ ಆಫೀಸಿನವ್ರಿಗೆ ಅವು ಇಬ್ಬರು ಬ್ಯಾರೆ ಮನುಷ್ಯಾರು. ಅಫಿಡವಿಟ್ ಮೊದಲ ಮಾಡಿಸಿಡ್ರಿ. ಅನುಭವದ ಸರ್ಟಿಫಿಕೇಟ್ ಬಿಳಿ ಹಾಳಿ ಮ್ಯಾಲೆ ಬ್ಯಾಡ, ಲೆಟರ್‌ಹೆಡ್, ಹುದ್ದೆ, ತಾರೀಖು, ಶಿಕ್ಕಾ, ಫೋನ್ ನಂಬರ್ ಎಲ್ಲಾ ಬೇಕು. ಡಿಗ್ರಿ ದೃಢೀಕರಣಕ್ಕ ರಾಜ್ಯದವ್ರದು, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಚೀನಾ ರಾಯಭಾರ ಕಚೇರಿದು, ಹಿಂಗ ಮೂರು ಮೆಟ್ಟಲಾ. ಅಪೊಸ್ಟಿಲ್ (ರಾಯಭಾರ ಕಚೇರಿ ಮೆಟ್ಟಲಾ ಇಲ್ದ ನಡಿಯೋ ವಿದೇಶಾಂಗ ಸಚಿವಾಲಯದ ಶಿಕ್ಕಾ) ಒಂದ ಸಾಕು ಅಂತ ಯಾರರೆ ಅಂದ್ರ ರೊಕ್ಕ ಕಟ್ಟೂಕಿಂತ ಮುಂಚೆ ಸ್ಕೂಲಿಗೇ ಇ-ಮೇಲ್ ಮಾಡಿ ಬರಹದಾಗ ಉತ್ತರ ತಗೋರಿ. ಪೊಲೀಸ್ ಕ್ಲಿಯರೆನ್ಸ್, ಅಂದ್ರ ನಿಮ್ಮ ಮ್ಯಾಲೆ ಕೇಸಿಲ್ಲ ಅನ್ನೋ ಸರ್ಟಿಫಿಕೇಟ್, ಹುಬ್ಬಳ್ಳಿ ಪಾಸ್‌ಪೋರ್ಟ್ ಕೇಂದ್ರದಾಗ ಆಗ್ತೇತಿ, ಅದು ಹಳೇದಾದ್ರ ನಡಿಯೂದಿಲ್ಲ, ಅದಕ್ಕ ಅದನ್ನ ಕೊನಿಗೆ ಮಾಡಸ್ರಿ.

ಇನ್ನೊಂದು, ಕಾಂಟ್ರಾಕ್ಟಿನಾಗ ರಿಲೀಸ್ ಲೆಟರ್, ಅಂದ್ರ ಕೆಲಸದಿಂದ ಬಿಟ್ಟುಕೊಟ್ಟೇವಿ ಅಂತ ಸ್ಕೂಲು ಬರದುಕೊಡೋ ಪತ್ರ, ಅದರ ವಿಷಯ ನೋಡ್ರಿ. ನನ್ನ ಮೊದಲನೇ ಸ್ಕೂಲಿನವ್ರು ವರ್ಷ ಮುಗಿದ ಮ್ಯಾಲೆ ಆ ಲೆಟರ್ ಕೊಡಾಕ ಒಂದೂವರೆ ತಿಂಗಳು ಸತಾಯಿಸಿದ್ರು, ಅದು ಇಲ್ದ ಹೊಸ ಸ್ಕೂಲಿನವ್ರು ನನ್ನ ಪರ್ಮಿಟ್ ವರ್ಗ ಮಾಡಂಗಿರಲಿಲ್ಲ, ರೆಸಿಡೆನ್ಸ್ ಪರ್ಮಿಟ್ ಮುಗಿಯಾಕ ಬಂದಿತ್ತು, ದಿನಾ ರಾತ್ರಿ ಕ್ಯಾಲೆಂಡರ್ ನೋಡ್ಕೋತ ಕುಂದರ್ತಿದ್ದೆ. ಪಾಸ್‌ಪೋರ್ಟ್ ನಮ್ಮ ಹತ್ರ ಇರ್ಲಿ ಅಂತ ಸ್ಕೂಲಿನವ್ರು ಅಂದ್ರೂ ಕೊಡಬ್ಯಾಡ್ರಿ.

ಕ್ಲಾಸಿನಾಗ ಮಾತ್ರ ನಿಮಗ ಖುಷಿ ಐತಿ. ಮೊದಲನೇ ವಾರ ಒಬ್ಬ ಹುಡುಗ ಉತ್ತರ ಏನೋ ಅಂದ್ರ ಹೆಬ್ಬೆರಳು ಕಿರುಬೆರಳು ಎರಡನ್ನೂ ಚಾಚಿ ಕೈ ಎತ್ತಿದ, ನಾನು ಎರಡು ಅಂತ ತಿಳಕೊಂಡು ತಪ್ಪು ಅಂದೆ, ಆ ಕೂಸಿನ ಮಾರಿ ಸಣ್ಣದಾತು. ಅಲ್ಲಿ ಅದು ಆರು! ಹತ್ತರತನಕ ಒಂದ ಕೈಯಾಗ ತೋರಸ್ತಾರ, ಹೆಬ್ಬೆರಳು ತೋರುಬೆರಳು ಚಾಚಿದ್ರ ಎಂಟು. ಆವತ್ತ ಸಂಜಿಗೆ ಕಲ್ತೆ, ಮರುದಿನ ಆ ಹುಡುಗನ್ನ ಎಬ್ಬಿಸಿ ನಿನ್ನ ಉತ್ತರ ಸರಿ ಇತ್ತಪಾ ಅಂತ ಎಲ್ಲರ ಮುಂದ ಹೇಳಿದೆ.

ಪ್ರಶ್ನೆ: ನನ್ನ ಮಗಳಿಗೆ ಚೀನಾದ ಸ್ಕೂಲಿನಾಗ ಫಿಸಿಕ್ಸ್ ಕೆಲಸ ಸಿಕ್ಕೇತ್ರಿ, ಝಡ್ ವೀಸಾನೂ ಆಗೇತಿ. ನಮ್ಮದು ಶಾಕಾಹಾರದ ಮನಿ. ಊಟಕ್ಕ ಏನ್ ಮಾಡ್ತಾಳೋ, ದಿನಾ ಫೋನಿನಾಗ ಮಾರಿ ನೋಡಾಕ ಸಿಗ್ತಾಳೋ ಇಲ್ಲೋ ಅಂತ ನಿದ್ದಿ ಬರವಲ್ದು.
— ಒಬ್ಬ ತಾಯಿ, ಗದಗ

ಉತ್ತರ: ಅವ್ವಾರ, ಫೋನಿನ ವ್ಯವಸ್ಥಾ ಈಗ ಮಾಡ್ಕೋರಿ, ಆಕಿ ಹೋದ ಮ್ಯಾಲೆ ಅಲ್ಲ. ಅಲ್ಲಿ ವಾಟ್ಸಾಪ್, ಗೂಗಲ್, ಯೂಟ್ಯೂಬ್ ಬಂದ್ ಅದಾವ, ಅಲ್ಲಿನವ್ರು ಎಲ್ಲದಕ್ಕೂ ಬಳಸೋ ವೀಚಾಟ್ ನಮ್ಮ ದೇಶದಾಗ 2020ರ ಜೂನ್‌ನಿಂದ ಬಂದ್ ಐತಿ. ನಮ್ಮ ಸಿಮ್ಮಿಗೆ ಇಂಟರ್‌ನ್ಯಾಶನಲ್ ರೋಮಿಂಗ್ ಹಾಕಿಸಿಕೊಂಡು ಹೋದ್ರ ಅದರ ಡೇಟಾದಾಗ ವಾಟ್ಸಾಪ್ ನಡೀತೇತಿ, ಮೊದಲನೇ ತಿಂಗಳಿಗೆ ಅದು ಇರ್ಲಿ. ಅಲ್ಲಿ ಗಡಿಯಾರ ನಮ್ಮಕಿಂತ ಎರಡೂವರೆ ತಾಸು ಮುಂದ, ನೀವು ರಾತ್ರಿ ಊಟ ಮುಗಿಸಿ ಒಂಬತ್ತೂವರಿಗೆ ಫೋನ್ ಮಾಡಿದ್ರ ಅಲ್ಲಿ ಹನ್ನೆರಡು ಹೊಡದಿರ್ತೇತಿ, ಅದಕ್ಕ ಸಂಜಿ ದೀಪ ಹಚ್ಚೋ ಹೊತ್ತಿಗೆ ಮಾತಾಡ್ರಿ.

ಊಟ ಕಷ್ಟ ಐತಿ, ಸುಳ್ಳು ಹೇಳೂದಿಲ್ಲ. ಕಾಯಿಪಲ್ಯಾ, ತೋಫು (ಸೋಯಾ ಪನೀರ್) ಬೇಕಾದಷ್ಟು ಸಿಗ್ತಾವ, ಆದ್ರ ಪಲ್ಯಾನ ಹಂದಿ ಕೊಬ್ಬಿನಾಗ ಹುರಿಯೋದೂ ಉಂಟು, ಕೇಳ್ದ ತಿನ್ನೂದು ಬ್ಯಾಡ. 'ವೋ ಛ್ ಸೂ', ಅಂದ್ರ ನಾನು ಶಾಕಾಹಾರಿ, ಅನ್ನೂದನ್ನ ಚೀನಿ ಅಕ್ಷರದಾಗ ಮೊಬೈಲಿನಾಗ ಇಟ್ಕೊಂಡು ತೋರಿಸ್ಲಿ. ಸ್ಕೂಲು ಕೊಡೋ ಮನ್ಯಾಗ ಒಲಿ ಐತೋ ಇಲ್ಲೋ ಕೇಳಸ್ರಿ, ಸಣ್ಣ ಕುಕ್ಕರ್ ಒಂದು ಹೊರಸ್ರಿ. ರೊಟ್ಟಿ ಜೋಳ ಅಲ್ಲೂ ಬೆಳೀತಾರ್ರಿ, ಆದ್ರ ಅದರಾಗ ಭಾಳಷ್ಟು ಸೆರೆ ಮಾಡಾಕ ಹೋಗ್ತೇತಿ, ಹಿಟ್ಟು ಹುಡುಕಿ ನಾನು ಸೋತೆ. ಹಾಲು, ಬೆಣ್ಣಿ ಇಂಥವು, ಹಸಿ ಹಣ್ಣು, ಬೀಜ ಅಲ್ಲಿನ ಕಸ್ಟಮ್ಸ್‌ನವ್ರು ಬಿಡೂದಿಲ್ಲ, ಹಂಗಾಗಿ ಪೇಡಾ, ತುಪ್ಪ ಕಟ್ಟಬ್ಯಾಡ್ರಿ, ಜಪ್ತಿ ಆಗ್ತಾವ. ಸಾರಿನ ಪುಡಿ ಪ್ಯಾಕ್ ಮಾಡಿದ್ದು ಒಯ್ಲಿ, ಒಳಗ ಏನೈತಿ ಅಂತ ಇಂಗ್ಲಿಷ್‌ನಾಗ ಬರದ ಪೊಟ್ಟಣ ಇರ್ಲಿ.